ಬನಿಯನ್ ಕಂಪನಿಗೆ ಹೋದವಳು

ನಾನು ಕನ್ನಡ ಓದಲು ಬರೆಯಲು ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ಅದಕ್ಕೂ ಮೊದಲು ಕನ್ನಡ ಎಂದರೆ ನಮಗೆ ಮನೆಯೊಳಗಿನ ಮಾತು ಅಷ್ಟೇ. ಹೊಸ್ತಿಲು ದಾಟಿದರೆ ತಮಿಳು. ತಮಿಳು ಸೀಮೆಯ ಸಿಂಗಾನಲ್ಲೂರಿನ ನಮ್ಮ ಬೀದಿಯಲ್ಲಿ ಮುಕ್ಕಾಲು ಪಾಲು ಮಗ್ಗದ ಮನೆಗಳೇ. ಆ ಬೀದಿಯ ಒಬ್ಬಳ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಅವಳ ತಾಯಿ ಬದುಕಿರುವವರೆಗೆ ಬರೆಯಲು ಮನಸ್ಸು ಒಪ್ಪಲಿಲ್ಲ.

ಅವಳು ನನಗಿಂತ ತುಸು ದೊಡ್ಡವಳು. ಚಿಕ್ಕಂದಿನಲ್ಲಿ ಒಟ್ಟಿಗೆ ಆಡಿದವರು ನಾವು. ಶಾಲೆಗೂ ಒಟ್ಟಿಗೇ ಸೇರಿಸಿದ್ದರು. ನಾನು ಎರಡನೇ ಕ್ಲಾಸಿಗೆ ಹೋದೆ, ಅವಳನ್ನು ಮನೆಗೆ ಕಳಿಸಿಬಿಟ್ಟರು. ಅವಳ ನಾಲಿಗೆ ಸ್ವಲ್ಪ ದಪ್ಪ, ಮಾತು ಅರ್ಥವಾಗಲು ರೂಢಿ ಬೇಕಿತ್ತು. ಎಣಿಕೆ ಕೊನೆಯವರೆಗೂ ಬರಲಿಲ್ಲ. ನಗು ಮಾತ್ರ ಬೀದಿಯ ಆ ತುದಿಗೂ ಕೇಳುತ್ತಿತ್ತು. ತಂದೆ ತೀರಿಕೊಂಡಿದ್ದರು. ತಾಯಿ ಅಕ್ಕಪಕ್ಕದ ಮಗ್ಗಗಳಿಗೆ ನೂಲು ಸುತ್ತಿಕೊಟ್ಟು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದರು. ಎರಡನೆಯವಳು, ಅವಳ ತಂಗಿ, ಚುರುಕು, ನೋಡಲು ಲಕ್ಷಣ, ಹತ್ತನೇ ಕ್ಲಾಸು ಪಾಸು ಮಾಡಿದ್ದಳು. ಆ ತಾಯಿಯನ್ನು ನಾನು ಅತ್ತೆ ಎಂದು ಕರೆಯುತ್ತಿದ್ದೆ. ಸಂಬಂಧವೇನೂ ಇರಲಿಲ್ಲ, ಬೀದಿಯ ರೂಢಿ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳಿಗೆಂದು ನಮ್ಮ ಕಡೆ ಒಂದು ಪುಟ್ಟ ಶಾಲೆ ಶುರುವಾಯಿತು. ನಾನು ಅಲ್ಲಿ ಟೀಚರಾಗಿ ಸೇರಿದೆ. ಅತ್ತೆಗೆ ಹೇಳಿ ಹೇಳಿ ಅವಳನ್ನೂ ಕರೆದುಕೊಂಡು ಹೋದೆ. ಅಲ್ಲಿದ್ದವರೆಲ್ಲ ಸಣ್ಣ ಮಕ್ಕಳು, ಇವಳು ಇಪ್ಪತ್ತು ದಾಟಿದವಳು. ಮೊದಲ ದಿನದಿಂದಲೇ ನನ್ನನ್ನು ‘ಟೀಚರಕ್ಕ’ ಎಂದು ಕರೆಯಲು ಶುರುಮಾಡಿದಳು. ಒಂದು ಸಂಜೆ ನಮ್ಮ ದೊಡ್ಡ ಟೀಚರ್ ನನ್ನನ್ನು ಕೂರಿಸಿಕೊಂಡು ಕೇಳಿದರು: “ಇವಳಿಗೆ ಇನ್ನೂ ಎಷ್ಟು ವರ್ಷ ಮಣಿ ಪೋಣಿಸೋದು ಕಲಿಸ್ತೀಯ? ಇವಳಿಗೆ ಬೇಕಾಗಿರೋದು ಕೆಲಸ. ಹೊರಗೆ ಹೋಗಿ ಕೇಳು.”

ಕೇಳಿದೆ. ಮಿಲ್ಲಿನ ಗೇಟಿನಲ್ಲಿ ಒಬ್ಬ ಅಧಿಕಾರಿ ಮರ್ಯಾದೆಯಾಗಿಯೇ ಹೇಳಿದರು, ಯಂತ್ರ ಓಡುವ ಜಾಗದಲ್ಲಿ ಇಂಥವರನ್ನು ಬಿಡಲು ಭಯ ಎಂದು. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಮೆಸ್ಸಿನವನು ಈರುಳ್ಳಿ ಬಿಡಿಸಲು ಇಟ್ಟುಕೊಂಡ. ವಾರ ಕಳೆದು ನಾನು ಹೇಳದೆ ಕೇಳದೆ ಹೋಗಿ ನೋಡಿದರೆ, ಹಿಂದಿನ ಕೋಣೆಯಲ್ಲಿ ಅಡುಗೆಯವರು ಸುತ್ತ ನಿಂತು ಅವಳನ್ನು ಕುಣಿಸುತ್ತಿದ್ದರು. ಕುಣಿದರೆ ಒಂದು ವಡೆ. ಅವಳು ಖುಷಿಯಾಗಿಯೇ ಕುಣಿಯುತ್ತಿದ್ದಳು. ಕೈ ಹಿಡಿದು ಎಳೆದುಕೊಂಡು ಬಂದೆ. ದಾರಿಯುದ್ದಕ್ಕೂ ಅತ್ತಳು, ವಡೆಗಾಗಿ ಅಲ್ಲ. “ನಾನ್ ಚೆನ್ನಾಗಿ ಮಾಡ್ದೆ ಟೀಚರಕ್ಕ, ಯಾಕ್ ಕರ್ಕೊಂಡ್ ಬಂದೆ?” ಎಂದು ಒಂದೇ ಸಮನೆ ಕೇಳುತ್ತಿದ್ದಳು.

ಕೊನೆಗೆ ತಿರುಪ್ಪೂರಿನ ನನ್ನ ಸೋದರಮಾವನ ಬಳಿ ಹೋದೆ. ಅವರು ಚಿಕ್ಕದೊಂದು ಬನಿಯನ್ ಕಂಪನಿ ನಡೆಸುತ್ತಿದ್ದರು. ಹೆಂಚಿನ ಶೆಡ್ಡು. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಹೊಲಿಗೆ ಯಂತ್ರಗಳು, ಎಲ್ಲಕ್ಕೂ ಸೇರಿ ಕೆಳಗೆ ಒಂದೇ ಮೋಟಾರು. ಮಾವ ಕೇಳಿದ ತಕ್ಷಣ ತಲೆ ಕೆರೆದುಕೊಂಡರು. ನಮ್ಮ ಕಡೆ ಮಕ್ಕಳನ್ನು ಮುದ್ದಿನಿಂದ ‘ಕಣ್ಣು’ ಎನ್ನುತ್ತಾರೆ.

“ಅಕ್ಕನ ಮಗಳು ಬಂದು ಕೇಳ್ತಿದ್ದೀಯ, ಇಲ್ಲ ಅನ್ನಕ್ಕಾಗಲ್ಲ. ಆದ್ರೆ ಇದು ಕಂಪನಿ, ಕಣ್ಣು, ಧರ್ಮಛತ್ರ ಅಲ್ಲ. ಒಂದ್ ತಿಂಗ್ಳು ನೋಡಾಣ. ಸರಿಬರ್ಲಿಲ್ಲಾಂದ್ರೆ ನನ್ನ ಮೇಲೆ ಕೋಪ ಮಾಡ್ಕೋಬಾರ್ದು.”

ದೊಡ್ಡ ಟೀಚರ್ ನನ್ನನ್ನು ಆ ತಿಂಗಳು ಶಾಲೆಯಿಂದ ಬಿಟ್ಟುಕೊಟ್ಟರು. ಬೆಳಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಇಬ್ಬರೂ ತಿರುಪ್ಪೂರಿಗೆ ಹೋಗುತ್ತಿದ್ದೆವು. ಮೊದಲು ಅವಳಿಗೆ ಕೊಟ್ಟದ್ದು ಪಿಸಿರು ತೆಗೆಯುವ ಕೆಲಸ, ಅಂದರೆ ಹೊಲಿದ ಬನಿಯನ್‌ಗಳಲ್ಲಿ ಜೋತಾಡುವ ನೂಲಿನ ತುದಿಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸುವುದು. ಅವಳು ನೂಲಿನ ಜೊತೆ ಬಟ್ಟೆಯನ್ನೂ ಕತ್ತರಿಸಿದಳು. ಅಲ್ಲಿ ಮಾಲು ಪರೀಕ್ಷಿಸುತ್ತಿದ್ದ ಹಿರಿಯ ಹೆಂಗಸೊಬ್ಬರಿದ್ದರು, ತಮಿಳಿನವರು. ಎಲ್ಲರೂ ಅವರನ್ನು ಚೆಕಿಂಗ್ ಅಕ್ಕ ಎನ್ನುತ್ತಿದ್ದರು. ಅವರು ಒಂದು ಬನಿಯನ್ ಎತ್ತಿ ತೂತಿನಲ್ಲಿ ಬೆರಳು ತೂರಿಸಿ ನನಗೆ ಆಡಿಸಿ ತೋರಿಸಿದರು. “ಇಂಗ ಪಾರು ಟೀಚರ್,” ಎಂದರು, ನೋಡಿಲ್ಲಿ ಎಂದು. ಮುಖದಲ್ಲಿ ನಗುವಿರಲಿಲ್ಲ. ಅಂದು ಹಾಳಾದ ಮಾಲು ಕಂಡು ನನಗೇ ಅಲ್ಲಿ ನಿಲ್ಲಲು ನಾಚಿಕೆಯಾಯಿತು.

ಕತ್ತರಿ ಕಿತ್ತುಕೊಂಡೆವು. ಬನಿಯನ್ನನ್ನು ಒಳಮೈ ಹೊರಗೆ ಮಾಡಿ ಹೊಲಿಯುತ್ತಾರೆ, ಹೊಲಿದಾದ ಮೇಲೆ ತಿರುಗಿಸಬೇಕು. ಆ ಕೆಲಸ ಕೊಟ್ಟು ನೋಡಿದೆ. ತೋಳು ಒಳಗೆ ತೂರಿಸಿ, ಅಂಚು ಹಿಡಿದು ಸರ್ರನೆ ಎಳೆದಾಗ ಬಿಳಿ ಬನಿಯನ್ ಹೊರಗೆ ಬರುವುದು ಅವಳಿಗೆ ಪ್ರತಿ ಸಲವೂ ಹೊಸದು. ಎಣಿಸಲು ಬರುತ್ತಿರಲಿಲ್ಲವಲ್ಲ, ಅದಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದೆ. ಬನಿಯನ್ ಗುಪ್ಪೆ ಗೆರೆ ಮುಟ್ಟಿದರೆ ಚೆಕಿಂಗ್ ಅಕ್ಕನನ್ನು ಕೂಗಬೇಕು. ಅಷ್ಟು ಕಲಿಯಲು ತಿಂಗಳ ಬಹುಪಾಲು ಬೇಕಾಯಿತು. ಕಲಿತ ಮೇಲೂ ಕೆಲವು ದಿನ ಮುನಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದಳು. ಕರೆಂಟ್ ಹೋದರೆ ಎಲ್ಲರೂ ಶಪಿಸುತ್ತಿದ್ದರು, ಇವಳು ಚಪ್ಪಾಳೆ ತಟ್ಟುತ್ತಿದ್ದಳು. ಯಂತ್ರ ನಿಂತರೆ ಎಲ್ಲರೂ ಮಾತಾಡುತ್ತಾರಲ್ಲ, ಅದು ಅವಳಿಗೆ ಹಬ್ಬ. ಟೈಲರುಗಳಿಗೆ ಅದು ಸಿಟ್ಟು ತರಿಸುತ್ತಿತ್ತು.

ಅವರಲ್ಲೇ ಒಬ್ಬ ಅವಳಿಗೆ ತಮಿಳಿನ ಒಂದು ಕೊಳಕು ಬೈಗುಳ ಕಲಿಸಿದ. ಮಾವ ಒಳಗೆ ಬಂದಾಗ ಅದನ್ನು ಹೇಳಿದರೆ ಅವರಿಗೆ ತುಂಬ ಸಂತೋಷವಾಗುತ್ತದೆ ಎಂದು ನಂಬಿಸಿದ್ದ. ಅವಳು ಎದ್ದು ನಿಂತು, ಕೈ ಮುಗಿದು, ನಗುತ್ತಾ ಹೇಳಿಬಿಟ್ಟಳು. ಮಾವನ ಮುಖ ಕೆಂಪೇರಿತು.

“ಈಗ್ಲೇ ಕರ್ಕೊಂಡ್ ಓಗು ಇವ್ಳನ್ನ!” ಎಂದು ನನ್ನ ಮೇಲೆ ಹರಿಹಾಯ್ದರು.

ನಾನು ಅವಳ ತಿಂಡಿ ಡಬ್ಬಿ ಎತ್ತಿಕೊಂಡೆ. ಆಗ ಚೆಕಿಂಗ್ ಅಕ್ಕ ಕೂತಲ್ಲಿಂದಲೇ ತಮಿಳಿನಲ್ಲಿ, ದನಿ ಏರಿಸದೆ ಹೇಳಿದರು: “ಯಜಮಾನರೇ, ಆ ಮಾತು ಈ ಹುಡುಗಿ ತಾಯಿ ಹೊಟ್ಟೆಯಿಂದ ಕಲಿತುಕೊಂಡು ಬಂದಿಲ್ಲ. ಕಲಿಸಿದವನು ಇಲ್ಲೇ ಕೂತು ತಲೆ ತಗ್ಗಿಸಿದಾನೆ. ಅವನನ್ನ ಕಳಿಸಿ, ಆಮೇಲೆ ಇವಳನ್ನ ಕಳಿಸಿ.” ಮಾವ ಯಾರನ್ನೂ ಕಳಿಸಲಿಲ್ಲ. ಆ ಟೈಲರು ಒಳ್ಳೆಯ ಕೆಲಸಗಾರ, ಕಳೆದುಕೊಳ್ಳಲು ಅವರಿಗೆ ಇಷ್ಟವಿರಲಿಲ್ಲ. ಹಾಗಾಗಿ ಇವಳೂ ಉಳಿದಳು. ಅಂದಿನಿಂದ ಅಕ್ಕ ಅವಳ ಗುಪ್ಪೆಯನ್ನು ತಮ್ಮ ಪಕ್ಕಕ್ಕೇ ಹಾಕಿಸಿಕೊಂಡರು.

ಕ್ರಮೇಣ ನಾನು ಜೊತೆಗೆ ಹೋಗುವುದನ್ನು ಬಿಟ್ಟೆ. ಸಿಂಗಾನಲ್ಲೂರಿನಿಂದ, ಪಕ್ಕದ ಇರುಗೂರಿನಿಂದ ಬನಿಯನ್ ಕೆಲಸಕ್ಕೆ ಹೋಗುವ ಹೆಂಗಸರ ಗುಂಪೇ ಆ ರೈಲಿನಲ್ಲಿರುತ್ತಿತ್ತು. ಅವರು ಅವಳನ್ನು ಕರೆದೊಯ್ದು ಕರೆತರುತ್ತಿದ್ದರು. ನೋಡನೋಡುತ್ತಾ ಅವಳು ಬದಲಾದಳು. ಜಡೆ ತಾನೇ ಹೆಣೆದುಕೊಳ್ಳಲು ಹಟ ಹಿಡಿದಳು, ಸೊಟ್ಟಗಾದರೂ ಸರಿ. ಸಂಜೆ ಬರುವಾಗ ತಂಗಿಗೂ ತನಗೂ ಕನಕಾಂಬರ ತರುತ್ತಿದ್ದಳು. ಬೀದಿಯಲ್ಲಿ ಯಾರೇ ಎದುರಾದರೂ ನಿಲ್ಲಿಸಿ, “ನಾಳೆ ಕಂಪನಿ ಐತೆ. ನಾನ್ ಬೇಗ ಮಲಗ್ಬೇಕು” ಎನ್ನುತ್ತಿದ್ದಳು. ಅತ್ತೆಯೇ ಒಮ್ಮೆ ನನ್ನ ಕೈ ಹಿಡಿದು, “ಇಷ್ಟ್ ದಿನ ಅವ್ಳು ನಮ್ಮನೇಲಿ ಇದ್ಲು ಕಣ್ಣು. ಈಗ ಅವ್ಳು ಮನೆಗೆ ಬತ್ತಾಳೆ. ಎರಡಕ್ಕೂ ಎಷ್ಟು ವ್ಯತ್ಯಾಸ!” ಎಂದರು.

ಅದೇ ಅತ್ತೆ ಮರುವರ್ಷ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, ನನ್ನ ತಾಯಿ ಕೊಟ್ಟ ಕಾಫಿಯನ್ನು ಮುಟ್ಟದೆ ಕೂತರು. ಎರಡನೆಯವಳಿಗೆ ಸಂಬಂಧ ಬಂದಿತ್ತು. ನಮ್ಮವರೇ, ತಿರುಪ್ಪೂರಿನವರು, ಬನಿಯನ್ ವ್ಯಾಪಾರ.

“ದೊಡ್ಡೋಳ್ನ ಕಂಪನಿ ಬಿಡುಸ್ಬೇಕು,” ಎಂದರು.

“ಯಾಕತ್ತೆ?”

“ಯಾಕೆ ಅಂತ ನಿಂಗೆ ಗೊತ್ತಿಲ್ವಾ? ಅವ್ರೂ ಅದೇ ಊರು, ಅದೇ ತೊಳಿಲು, ಅದೇ ವ್ಯಾಪಾರ. ನಾಳೆ ಯಾರಾದ್ರೂ ‘ಅಯ್ಯೋ ಪಾವ, ಆ ಹುಡ್ಗಿ ತಂಗೀನಾ’ ಅಂದ್ರೆ? ದಲ್ಲಾಳಿ ಏಳ್ಬಿಟ್ಟ, ಮದುವೆ ಮುಗಿಯೋತನಕ ಅವ್ಳು ಯಾರ ಕಣ್ಣಿಗೂ ಬೀಳ್ಬಾರ್ದಂತೆ.”

ನಾನು ವಾದಿಸಿದೆ. ಅವಳನ್ನು ಮತ್ತೆ ಒಳಗೆ ಕೂರಿಸಿದರೆ ಕಲಿತದ್ದೆಲ್ಲ ಮರೆಯುತ್ತಾಳೆ, ಮಾವ ಆ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳುತ್ತಾರೆ, ಇನ್ನೊಂದು ಕೆಲಸ ಹುಡುಕುವುದು ಸುಲಭವಲ್ಲ ಎಂದೆ. ಅತ್ತೆ ಎಲ್ಲವನ್ನೂ ಕೇಳಿದರು.

“ನೀ ಏಳೋದೆಲ್ಲ ಸರಿ ಮಾ. ದೊಡ್ಡೋಳು ನಂಗೂ ಮಗ್ಳೇ. ಆದ್ರೆ ಚಿಕ್ಕೋಳೂ ಮಗ್ಳಲ್ವಾ? ನಾ ಸತ್ತ ಮೇಲೆ ದೊಡ್ಡೋಳಿಗೆ ಯಾರಿದಾರೆ? ಚಿಕ್ಕೋಳು ಒಂದ್ ಕಡೆ ನಿಂತ್ರೆ ತಾನೇ ಅವ್ಳಿಗೂ ಒಂದ್ ಬಾಗ್ಲು?”

ಅವರು ಮುಟ್ಟದ ಕಾಫಿಯನ್ನು ಎತ್ತಿ ಒಳಗಿಟ್ಟು ಬಂದೆ.

ಅವಳನ್ನು ಕಂಪನಿ ಬಿಡಿಸಿದರು. ದಿನವೂ ಬೆಳಗ್ಗೆ ಜಡೆ ಹಾಕಿಕೊಂಡು ಡಬ್ಬಿ ಹಿಡಿದು ಬಾಗಿಲ ಬಳಿ ಕೂರುತ್ತಿದ್ದಳು. ರೈಲು ಕೂಗಿ ಹೋದ ಮೇಲೆ ಡಬ್ಬಿಯನ್ನು ನೆಲಕ್ಕೆ ಕುಕ್ಕುತ್ತಿದ್ದಳು. ಊಟದ ತಟ್ಟೆ ಸರಿಸುತ್ತಿದ್ದಳು. ಒಂದು ದಿನ ಅತ್ತೆ ಸುತ್ತಿಟ್ಟ ನೂಲಿನ ಉಂಡೆಗಳನ್ನೆಲ್ಲ ಬಿಚ್ಚಿ ಅಂಗಳಕ್ಕೆ ಎಸೆದಳು. ಅತ್ತೆ ಹೊಡೆದರು. ಅವಳನ್ನು ಅವರು ಹೊಡೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹೆಣ್ಣು ನೋಡುವ ದಿನ ಗೊತ್ತಾಯಿತು. ಹಿಂದಿನ ದಿನ ತಂಗಿ ನನ್ನ ಬಳಿ ಬಂದಳು. “ಅಕ್ಕಾ, ನಾಳೆ ಒಂದ್ ದಿನ ಅವ್ಳನ್ನ ಎಲ್ಲಾದ್ರೂ ಕರ್ಕೊಂಡ್ ಓಗಿ,” ಎಂದಳು. ಕಣ್ಣೆತ್ತಿ ನೋಡಲಿಲ್ಲ. “ಎಲ್ಲಿಗೆ?” ಎಂದೆ. “ಅವ್ಳಿಗೆ ಎಲ್ಲಿ ಇಷ್ಟಾನೋ ಅಲ್ಲಿಗೇ,” ಎಂದಳು. ಗಂಡಿನ ಕಡೆಯವರೆಲ್ಲ ಆ ದಿನ ಇಲ್ಲಿರುತ್ತಾರೆ, ತಿರುಪ್ಪೂರಿನಲ್ಲಿ ನೋಡಲು ಯಾರಿರುತ್ತಾರೆ ಎಂದು ಇಬ್ಬರೂ ಲೆಕ್ಕ ಹಾಕಿದೆವು. ಅತ್ತೆಯೂ ಬೇಡವೆನ್ನಲಿಲ್ಲ. ನಾನು ಅವಳನ್ನು ಕಂಪನಿಗೆ ಕರೆದೊಯ್ದೆ.

ಅವಳ ಜಾಗ ಹಾಗೇ ಇತ್ತು. ಚೆಕಿಂಗ್ ಅಕ್ಕ ಯಾರನ್ನೂ ಕೂರಿಸಲು ಬಿಟ್ಟಿರಲಿಲ್ಲ. ಅವಳು ದಿನವಿಡೀ ತಲೆಯೆತ್ತದೆ ಕೆಲಸ ಮಾಡಿದಳು. ನಡುನಡುವೆ ಅಕ್ಕನ ಸೀರೆಯ ಸೆರಗು ಮುಟ್ಟಿ ನೋಡುತ್ತಿದ್ದಳು, ಇದ್ದಾರೋ ಇಲ್ಲವೋ ಎಂಬಂತೆ. ಸಂಜೆಯ ರೈಲಿನಲ್ಲಿ ಬಾಗಿಲ ಪಕ್ಕ ನಿಂತು ಒಂದೊಂದು ಸ್ಟೇಷನ್ನಿನ ಹೆಸರನ್ನೂ ತನ್ನದೇ ಉಚ್ಚಾರಣೆಯಲ್ಲಿ ಕೂಗಿದಳು. ಹೆಂಗಸರೆಲ್ಲ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಅಷ್ಟು ದಿನಗಳ ಮೇಲೆ ಆ ನಗು ಕೇಳಿ ನನಗೂ ಮನಸ್ಸು ಹಗುರಾಗಿತ್ತು.

ಸಿಂಗಾನಲ್ಲೂರಿನಲ್ಲಿ ಇಳಿದೆವು. ಗಂಡಿನ ಕಡೆಯವರು ಊಟ ಮುಗಿಸಿ ಮಧ್ಯಾಹ್ನವೇ ಬಸ್ಸಿನಲ್ಲಿ ಹೊರಟಿರುತ್ತಾರೆ ಎಂದು ನಮ್ಮ ಅಂದಾಜು. ಆದರೆ ಮಾತುಕತೆ ಚೆನ್ನಾಗಿ ನಡೆದು, ಹೊತ್ತಾಗಿ, ಅವರು ರೈಲಿಗೇ ಹೋಗೋಣವೆಂದು ಬಂದಿದ್ದರು. ಪ್ಲಾಟ್‌ಫಾರಮ್ಮಿನ ಬೇವಿನ ಮರದ ಕೆಳಗೆ ರೇಷ್ಮೆ ಸೀರೆಯ ಹೆಂಗಸರು, ಅವರನ್ನು ಕಳಿಸಲು ಬಂದ ಅತ್ತೆ, ದಲ್ಲಾಳಿ. ನಾನು ಅವಳ ಕೈ ಹಿಡಿಯುವುದರೊಳಗೆ ಅವಳು ನೋಡಿಯಾಗಿತ್ತು.

“ಅಮ್ಮಾ!” ಎಂದು ಡಬ್ಬಿ ಆಡಿಸುತ್ತಾ ಓಡಿದಳು. “ಅಮ್ಮಾ, ನಾನ್ ಕಂಪನಿಗೆ ಓಗ್ ಬಂದೆ!”

ಗಂಡಿನ ತಾಯಿ ತಿರುಗಿ ನೋಡಿದರು. ದಪ್ಪ ಕನ್ನಡಕದ, ಶಾಂತ ಮುಖದ ಹೆಂಗಸು. “ಯಾರಿವ್ಳು?” ಎಂದು ಕೇಳಿದರು. ದನಿಯಲ್ಲಿ ಕೆಟ್ಟತನವಿರಲಿಲ್ಲ.

ಅತ್ತೆ ದಲ್ಲಾಳಿಯ ಮುಖ ನೋಡಿದರು. “ಪಕ್ಕದ್ಮನೆ ಹುಡ್ಗಿ,” ಎಂದರು. “ಪಾವ, ಎಲ್ರನ್ನೂ ಅಮ್ಮಾ ಅಂತಾಳೆ.”

ಅವಳು ದೊಡ್ಡದಾಗಿ ನಕ್ಕಳು. ಅತ್ತೆ ಏನೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಳು. “ಪಕ್ಕದ್ಮನೆ ಅಲ್ಲಮ್ಮಾ, ನಮ್ಮನೆ! ನಾನ್ ನಮ್ಮನೆ!” ಎಂದಳು. ಅತ್ತೆ ನಗಲಿಲ್ಲ. ಅವಳತ್ತ ನೋಡಲೂ ಇಲ್ಲ. ಅವಳ ನಗು ಮುಖದಲ್ಲಿ ಹಾಗೇ ನಿಂತು, ಆಮೇಲೆ ಎಲ್ಲಿಗೋ ಹೋಯಿತು. ನಾನು ಬಂದು ಭುಜ ಹಿಡಿದೆ. ನನ್ನ ಜೊತೆ ಬಂದಳು.

ಬೀದಿಗೆ ಬಂದು ಅವರ ಮನೆಯ ಮುಂದೆ ಬಿಟ್ಟೆ. ಬಾಗಿಲು ತೆರೆದಿತ್ತು, ಒಳಗೆ ತಂಗಿ ಇನ್ನೂ ಹೂ ಮುಡಿದುಕೊಂಡೇ ತಟ್ಟೆ ಲೋಟಗಳನ್ನು ಎತ್ತುತ್ತಿದ್ದಳು. ದೊಡ್ಡವಳು ಒಳಗೆ ಹೋಗಲಿಲ್ಲ. ಪಕ್ಕದ ಮನೆಗೆ ನಡೆದು, ಅವರ ಜಗಲಿಯ ಮೇಲೆ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಳು. ಕರೆದೆ, ಬರಲಿಲ್ಲ. ತಂಗಿ ಹೊರಗೆ ಬಂದು, “ಏನಾಯ್ತಕ್ಕಾ?” ಎಂದಳು. ಹೇಳಿದೆ. ಅವಳು ಕೈಯಲ್ಲಿದ್ದ ಲೋಟವನ್ನು ಹಿಡಿದುಕೊಂಡೇ ನಿಂತಳು.

ಅತ್ತೆ ಬಂದಾಗ ದೀಪ ಹಚ್ಚುವ ಹೊತ್ತು. ಮಗಳು ಪಕ್ಕದ ಜಗಲಿಯಲ್ಲಿ ಕೂತಿರುವುದನ್ನು ನೋಡಿ ಅವರಿಗೆ ಮೊದಲು ಅರ್ಥವಾಗಲಿಲ್ಲ. “ಎದ್ದು ಬಾ, ಸಾಮೀ” ಎಂದು ಮುದ್ದಿಸಿ ಕರೆದರು. ಅವಳು ಆ ಮನೆಯ ಬಾಗಿಲತ್ತ ಬೆರಳು ತೋರಿಸಿ, “ನಮ್ಮನೆ ಇದೇ,” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ತಾಯಿ ಹೇಳಿದ್ದನ್ನು ಕೇಳಿದ್ದಳು ಅಷ್ಟೇ. ಅತ್ತೆ ಬೀದಿಯಲ್ಲೇ ಕುಸಿದು ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು. ಕೊನೆಗೆ ತಂಗಿ ಹೋಗಿ ಅವಳ ಪಕ್ಕ ಕೂತು, ತನ್ನ ಮುಡಿಯ ಮಲ್ಲಿಗೆ ತೆಗೆದು ಅವಳಿಗೆ ಮುಡಿಸಿ, ಬಹಳ ಹೊತ್ತು ಏನೇನೋ ಹೇಳಿ ಒಳಗೆ ಕರೆದುಕೊಂಡು ಹೋದಳು.

ಹೇಗೋ ಅವರಿಗೆ ನಿಜ ತಿಳಿದು ಸಂಬಂಧ ಮುರಿಯಿತು. ದಲ್ಲಾಳಿಯ ಮೂಲಕ ಅವರು ಹೇಳಿಕಳಿಸಿದ್ದು ಹೀಗೆ: ಮನೆಯಲ್ಲಿ ಅಂಥ ಮಗಳಿರುವುದು ದೊಡ್ಡದಲ್ಲ, ಹೆತ್ತ ಮಗಳನ್ನು ಬೇರೆಯವರ ಮಗಳೆಂದರಲ್ಲ, ಅಂಥ ಮನೆಯಿಂದ ಹೆಣ್ಣು ತರುವುದು ಹೇಗೆ? ಆ ಮಾತು ಕೇಳಿದ ತಂಗಿ ನನ್ನನ್ನು ನೋಡಿ, “ಮೊದ್ಲೇ ನಿಜ ಏಳಿದ್ರೆ ಒಪ್ತಿದ್ರಾ ಅಕ್ಕಾ?” ಎಂದಳು. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಅಂದು ಅವಳನ್ನು ಕಂಪನಿಗೆ ಕರೆದೊಯ್ದದ್ದು ತಪ್ಪೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಆ ಬಾಗಿಲ ಮುಂದೆ ನಡೆದುಹೋಗುವಾಗಲೆಲ್ಲ ಹೆಜ್ಜೆ ಭಾರವಾಗುತ್ತಿತ್ತು.

ಮುಂದಿನ ಸೋಮವಾರ ಬೆಳಗ್ಗೆ ಅಕ್ಕತಂಗಿಯರಿಬ್ಬರೂ ಡಬ್ಬಿ ಹಿಡಿದು ಸ್ಟೇಷನ್ನಿಗೆ ಹೊರಟರು. “ಇನ್ ಯಾರಿಂದ ಬಚ್ಚಿಡೋದು?” ಎಂದಳು ತಂಗಿ, ನಾನು ಕೇಳುವ ಮೊದಲೇ. ತಾನೂ ಮಾವನ ಕಂಪನಿಯಲ್ಲೇ ಚೆಕಿಂಗಿಗೆ ಸೇರಿದಳು. ಆಕೆಗೆ ಕೆಲಸ ಬೇಗ ಕೈಹತ್ತಿತು. ದೊಡ್ಡವಳಿಗೆ ಮಾತ್ರ ಒಂದು ಅಭ್ಯಾಸ ಉಳಿದುಬಿಟ್ಟಿತು: ಸಂಜೆ ಮನೆಯ ಬಾಗಿಲಲ್ಲಿ ನಿಂತು, ಯಾರಾದರೂ ಕರೆದ ಮೇಲೆಯೇ ಒಳಗೆ ಕಾಲಿಡುತ್ತಿದ್ದಳು.

ಅದಾಗಿ ಸುಮಾರು ಎರಡು ವರ್ಷಕ್ಕೆ ಮಾವನಿಗೆ ಹೊರದೇಶದ ಆರ್ಡರುಗಳು ಸಿಗತೊಡಗಿದವು. ಮಾಲು ನೋಡಲು ಏಜೆಂಟರು ಬರುತ್ತಿದ್ದರು. ಅವರು ಬರುವ ದಿನ ಅವಳಿಗೆ ರಜೆ ಎಂದರು ಮಾವ. ಆ ದಿನಗಳು ಹೆಚ್ಚುತ್ತಾ ಹೋದವು. ಒಮ್ಮೆ ನಾನೂ ಅಲ್ಲಿದ್ದೆ, ತಂಗಿ ನೇರವಾಗಿ ಕೇಳಿದಳು:

“ಯಾರಾದ್ರೂ ಬಂದ್ರೆ ನಮ್ಮಕ್ಕನ್ನ ಯಾಕ್ ಬಚ್ಚಿಡ್ತೀರ?”

“ಬಚ್ಚಿಡೋದಲ್ಲಮ್ಮಾ. ಅವ್ರು ಏನೋ ಅಂದ್ಕೊಂಡ್ರೆ ಆರ್ಡರ್ ಓಯ್ತದೆ. ಇಷ್ಟು ಜನ ಹೊಟ್ಟೆಪಾಡು ಐತಲ್ಲ?”

“ನಮ್ಮಮ್ಮಾನೂ ಹಿಂಗೇ ಕಾರಣ ಏಳಿದ್ರು,” ಎಂದಳು. ಮಾವ ಕೆಟ್ಟವರಲ್ಲ, ಹೆದರಿದವರು. ತಂಗಿಯೊಬ್ಬಳೇ ಇರಲಿ ಎಂದು ಅವರಿಗೆ ಆಸೆಯಿತ್ತು. ಆ ಶನಿವಾರ ಇಬ್ಬರೂ ಕೆಲಸ ಬಿಟ್ಟರು. ಚೆಕಿಂಗ್ ಅಕ್ಕ ತಮಗೆ ಗೊತ್ತಿದ್ದ ಇನ್ನೊಂದು ಸಣ್ಣ ಕಂಪನಿಯಲ್ಲಿ ಮಾತಾಡಿ ಸೇರಿಸಿದರು. ಅಲ್ಲಿ ಕೂರಲು ಸರಿಯಾದ ಜಾಗವೂ ಇರಲಿಲ್ಲ, ಆದರೆ ಏಜೆಂಟರೂ ಬರುತ್ತಿರಲಿಲ್ಲ.

ನಾನು ಮದುವೆಯಾಗಿ ಊರು ಬಿಟ್ಟೆ. ನನ್ನ ಜಾಗಕ್ಕೆ ಬಂದ ಟೀಚರ್ ಶಾಲೆಯ ಇನ್ನಿಬ್ಬರಿಗೆ ಕೆಲಸ ಹುಡುಕಿಕೊಟ್ಟರೆಂದೂ, ಅವರಲ್ಲಿ ಒಬ್ಬ ವರ್ಷದೊಳಗೆ ಮನೆಗೆ ವಾಪಸಾದನೆಂದೂ ದೊಡ್ಡ ಟೀಚರ್ ಹೇಳಿದರು.

ದಶಕದ ಕೊನೆಯಲ್ಲಿ, ಮಗುವನ್ನು ತವರಿಗೆ ಕರೆತಂದಿದ್ದಾಗ, ಇಬ್ಬರನ್ನೂ ಬೀದಿಯಲ್ಲಿ ಕಂಡೆ. ತಂಗಿ ಸೊರಗಿದ್ದಳು. ಮದುವೆಯಾಗಿರಲಿಲ್ಲ. ಎರಡು ಸಂಬಂಧ ಬಂದವಂತೆ. ಎರಡಕ್ಕೂ ಅವಳೇ ಮೊದಲ ಮಾತಿನಲ್ಲೇ, ಅಕ್ಕ ಹೀಗಿದ್ದಾಳೆ, ನನ್ನ ಜೊತೆಗೇ ಇರುತ್ತಾಳೆ ಎಂದಳಂತೆ. ಮತ್ತೆ ಯಾರೂ ಬರಲಿಲ್ಲ. ದೊಡ್ಡವಳು ನನ್ನ ಮಗುವನ್ನು ಎತ್ತಿಕೊಂಡು ಜೋರಾಗಿ ನಕ್ಕು ಅದನ್ನು ಅಳಿಸಿದಳು.

“ನಿಂಗೆ ಬೇಜಾರಿಲ್ವಾ?” ಎಂದು ತಂಗಿಯನ್ನು ಕೇಳಿದೆ.

“ಇದೆ ಅಕ್ಕಾ. ಯಾಕಿಲ್ಲ?” ಎಂದಳು. “ಆದ್ರೆ ಅವ್ಳ ಮೇಲಲ್ಲ.” ಆಮೇಲೆ, “ಕೆಲವು ದಿನ ಅವ್ಳ ಮೇಲೂ,” ಎಂದು ಸೇರಿಸಿ, ಅಕ್ಕನ ಕೈಯಿಂದ ಅಳುವ ಮಗುವನ್ನು ತೆಗೆದು ನನಗೆ ಕೊಟ್ಟಳು. ಬೆಳಗ್ಗೆ ಬೇಗ ಏಳಬೇಕೆಂದು ಅವಳು ಆಗಲೇ ತಂಗಿಯ ಸೆರಗು ಎಳೆಯುತ್ತಿದ್ದಳು. ಇಬ್ಬರೂ ಮನೆಯ ಕಡೆ ನಡೆದರು.